ಫಿಜಿಯ ಹಳ್ಳಿ ಮನೆಗೆ ಹೊರಟಿದ್ದೀರಾ? ಮೊದಲು ಪಾತ್ರೆ ನೋಡಿ

ಮೊದಲ ರಾತ್ರಿಯೇ ತಪ್ಪು ಮಾಡಿದೆ. ಚಾಪೆಯ ಮೇಲೆ ಉದ್ದಕ್ಕೆ ಬಟ್ಟೆ ಹಾಸಿ, ಬೇಯಿಸಿದ ಕೆಸುವಿನ ಗೆಡ್ಡೆ, ತೆಂಗಿನ ಹಾಲಿನ ಮೀನು ತಂದಿಟ್ಟರು. ನಾನು, ಮನೆ ಯಜಮಾನರು, ಅವರ ಅಣ್ಣ ಕೂತೆವು. ಮೀನು ಬಹಳ ರುಚಿಯಾಗಿತ್ತು. ಮೂರು ತುಂಡು ತಿಂದೆ. ಕೈ ತೊಳೆಯಲು ಹಿಂದೆ ಹೋದರೆ, ಹೆಂಗಸರು ಮಕ್ಕಳು ಅದೇ ಪಾತ್ರೆ ಸುತ್ತ ಕೂತು ಉಳಿದದ್ದನ್ನು ಹಂಚಿಕೊಳ್ಳುತ್ತಿದ್ದರು. ಉಳಿದದ್ದು ಒಂದು ತಲೆ, ಸ್ವಲ್ಪ ರಸ.

ನನಗೆ ಗೊತ್ತಿರಬೇಕಿತ್ತು. ಆಲ್ದೂರಿನ ಹತ್ತಿರದ ನಮ್ಮ ಮನೆಯಲ್ಲೂ ನೆಂಟರು ಬಂದ ದಿನ ಅವ್ವ ತಳ ಕೆರೆದು ಉಣ್ಣುತ್ತಿದ್ದಳು. ಅದನ್ನು ನೋಡಿಕೊಂಡೇ ಬೆಳೆದವಳು ನಾನು. ಆದರೂ ನೆಂಟಳಾದ ಕೂಡಲೇ ಮರೆತೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ರಿಟೈರ್ ಆದ ಮೇಲೆ ಫಿಜಿಯ ವಿಟಿ ಲೆವು ದ್ವೀಪದ ಒಂದು ಹಳ್ಳಿ ಶಾಲೆಗೆ ಮೂರು ತಿಂಗಳು ಸ್ವಯಂಸೇವಕಿಯಾಗಿ ಹೋಗಿದ್ದೆ. ಸಿಂಗಾತೋಕಾ ನದಿಯ ಮೇಲುಗಡೆಯ ಹಳ್ಳಿ. ಉಳಿದದ್ದು ಒಂದು ಕುಟುಂಬದ ಜೊತೆ. ಈಗ ಚಿಕ್ಕಮಗಳೂರಿನಿಂದ ನನ್ನ ಹಳೇ ವಿದ್ಯಾರ್ಥಿನಿಯ ಮಗಳು ಹೊರಟಿದ್ದಾಳೆ. "ಮಿಸ್, ಏನೇನು ತಗೊಂಡು ಹೋಗ್ಲಿ?" ಅಂತ ಕೇಳಿದಳು. ಅವಳಿಗೆ ಹೇಳಿದ್ದನ್ನೇ ಬರೆಯುತ್ತಿದ್ದೇನೆ.

ಸಾಮಾನು ಕಡಿಮೆ ಇರಲಿ. ಮಸಾಲೆ, ಬೇಳೆ ಹೊತ್ತುಕೊಂಡು ಹೋಗಬೇಡಿ. 1879ರಿಂದ 1916ರವರೆಗೆ ಕಬ್ಬಿನ ತೋಟಗಳಿಗೆಂದು ನಮ್ಮ ದೇಶದಿಂದ 60,000ಕ್ಕೂ ಹೆಚ್ಚು ಜನರನ್ನು ಕೂಲಿಗೆ ಕರೆದೊಯ್ದರು. ಅವರ ಮರಿಮಕ್ಕಳ ಅಂಗಡಿಗಳು ಈಗ ಪೇಟೆಯಲ್ಲಿವೆ. ತೊಗರಿಬೇಳೆಯಿಂದ ಅರಿಶಿನದವರೆಗೆ ಎಲ್ಲ ಸಿಗುತ್ತದೆ. ತಿನ್ನುವ ವಸ್ತು, ಬೀಜ, ಸೊಪ್ಪು ಏನಿದ್ದರೂ ವಿಮಾನ ನಿಲ್ದಾಣದ ಫಾರ್ಮಿನಲ್ಲಿ ಬರೆದು ತೋರಿಸಬೇಕು. ನನ್ನ ಕಾಫಿಪುಡಿ ಬಿಟ್ಟರು, ಅಪ್ಪೆಮಿಡಿ ಉಪ್ಪಿನಕಾಯಿ ತೆಗೆದಿಟ್ಟುಕೊಂಡರು. ಬರೆಯದೆ ಸಿಕ್ಕಿಬಿದ್ದರೆ ದಂಡ. ನಮ್ಮ ಪ್ಲಗ್ ಅಲ್ಲಿ ಹೊಂದುವುದಿಲ್ಲ, ಆಸ್ಟ್ರೇಲಿಯಾದ್ದಕ್ಕೆ ಆಗುವ ಅಡಾಪ್ಟರ್ ತಗೊಳ್ಳಿ. ಮಲೇರಿಯಾ ಇಲ್ಲ, ಡೆಂಗೆ ಇದೆ, ಸೊಳ್ಳೆಪರದೆ ಬೇಕು. ವೀಸಾ ವಿಷಯ ಕರೆಸಿಕೊಳ್ಳುವ ಸಂಸ್ಥೆಯಿಂದ ಬರಹದಲ್ಲೇ ಕೇಳಿ ತಿಳಿದುಕೊಳ್ಳಿ. ಊರು ನೋಡಲು ಹೋಗುವುದೂ ಕೆಲಸ ಮಾಡಲು ಹೋಗುವುದೂ ಒಂದೇ ಅಲ್ಲ. ಇನ್ನೊಂದು ಪ್ರಶ್ನೆಯನ್ನು ನಾಚಿಕೆ ಬಿಟ್ಟು ಕೇಳಿ: ನಾವು ಕಟ್ಟುವ ದುಡ್ಡಿನಲ್ಲಿ ಆ ಮನೆಗೆ ಎಷ್ಟು ಸೇರುತ್ತದೆ? ನಾನು ಕೇಳಿರಲಿಲ್ಲ. ಎರಡು ವಾರ ಕಳೆದ ಮೇಲೆ ಗೊತ್ತಾಗಿ ಹೊಟ್ಟೆ ಉರಿಯಿತು.

ಹೋಗುವ ಮುಂಚೆ ಹೆಸರು ಓದುವುದು ಕಲಿಯಿರಿ. ಅವರ ಭಾಷೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ, ಓದುವುದು ಬೇರೆ ಥರ. ಡಿ ಇದ್ದರೆ ಅದಕ್ಕೂ ಮೊದಲು ನ್ ಸೇರಿಸಿ, ಬಿ ಇದ್ದರೆ ಮ್ ಸೇರಿಸಿ. ವಿಮಾನ ಇಳಿಯುವ ಊರು ನಕ್ಷೆಯಲ್ಲಿ ನಾಡಿ, ಬಾಯಲ್ಲಿ ನಾಂಡಿ. ಸಿ ಅಕ್ಷರ ಹೆಚ್ಚು ಕಡಿಮೆ ನಮ್ಮ ದ. 'ಮೊದೆ' ಎಂದರೆ ಮಲಗು ಅಂತಲೂ ಹೌದು, ಹೋಗಿ ಬರ್ತೀನಿ ಅಂತಲೂ ಹೌದು. 'ಬುಲಾ' ನಮಸ್ಕಾರ, 'ವಿನಾಕ' ಥ್ಯಾಂಕ್ಸ್. ಇಷ್ಟು ಬಂದರೆ ಮೊದಲ ವಾರ ಸಾಗುತ್ತದೆ.

ಹಳ್ಳಿಗೆ ಬರಿಗೈಯಲ್ಲಿ ಕಾಲಿಡಬೇಡಿ. ಪೇಟೆಯ ಮಾರ್ಕೆಟ್ಟಿನಲ್ಲಿ, ನೀರಲ್ಲಿ ಹಿಂಡಿ ಕುಡಿಯುವ ಯಂಗೊನ ಬೇರಿನ ಕಟ್ಟು ಸಿಗುತ್ತದೆ, ಹೊರಗಿನವರು ಕಾವಾ ಅನ್ನುವುದು ಇದಕ್ಕೇ. ಅರ್ಧ ಕೇಜಿ ಸಾಕು. ಅದನ್ನು ಊರಿನ ಹಿರಿಯರ ಮುಂದೆ ಚಾಪೆ ಮೇಲೆ ಇಡಬೇಕು, ಕೈಗೆ ಕೊಡುವುದಲ್ಲ. ಇದು ಸೇವುಸೇವು, ಅಂದರೆ ಊರೊಳಗೆ ಬರಲು ಅಪ್ಪಣೆ ಕೇಳುವ ಕ್ರಮ. ನಿಮ್ಮ ಪರವಾಗಿ ಮಾತಾಡಲು ಮನೆಯವರೇ ಒಬ್ಬರು ಬರುತ್ತಾರೆ. ನೀವು ಸುಮ್ನೆ ಚಕ್ಕಲುಬಕ್ಕಲು ಹಾಕಿಕೊಂಡು ಕೂತಿದ್ದರಾಯಿತು. ಕಾಲು ಚಾಚಬೇಡಿ.

ಯಂಗೊನದ ಗಿಡ ನೋಡಿದಾಗ ನನಗೆ ನಗು ಬಂತು. ಅದು ನಮ್ಮ ಕಾಳುಮೆಣಸಿನ ಕುಲದ್ದೇ! ಎಲೆ ಹೃದಯದ ಆಕಾರ, ಗಿಣ್ಣು ಉಬ್ಬಿದೆ. ಬಳ್ಳಿಯಲ್ಲ, ಪೊದೆ. ನಾವು ಕಾಳು ಕೊಯ್ಯುತ್ತೇವೆ, ಅವರು ಬೇರು ಕೀಳುತ್ತಾರೆ. ಬೇರನ್ನು ಪುಡಿ ಮಾಡಿ ನೀರಲ್ಲಿ ಹಿಂಡಿದರೆ ಕೆಸರು ನೀರಿನ ಬಣ್ಣ. ತೆಂಗಿನ ಚಿಪ್ಪಿನಲ್ಲಿ ಕೊಡುತ್ತಾರೆ. ಒಂದು ಸಲ ಚಪ್ಪಾಳೆ ತಟ್ಟಿ, 'ಬುಲಾ' ಅಂದು, ಒಂದೇ ಉಸಿರಿಗೆ ಕುಡಿದು, ಚಿಪ್ಪು ವಾಪಸ್ ಕೊಟ್ಟು ಮೂರು ಸಲ ತಟ್ಟಬೇಕು. ಜುಮ್ಮನಕಾಯಿ ಕಚ್ಚಿದ ಹಾಗೆ ನಾಲಿಗೆ ಮರಗಟ್ಟುತ್ತದೆ. ಜಾಸ್ತಿ ಬೇಡ ಅನಿಸಿದರೆ 'ಲೋ ಟೈಡ್' ಅನ್ನಿ, ಅರ್ಧ ಚಿಪ್ಪು ಕೊಡುತ್ತಾರೆ. ಸಮುದ್ರದ ಇಳಿತದ ಲೆಕ್ಕ.

ಬಟ್ಟೆ ವಿಷಯ ಹೆಂಗಸರಿಗೆ ಕಷ್ಟವಿಲ್ಲ. ಹೆಗಲು, ಮಂಡಿ ಮುಚ್ಚಿದರೆ ಸಾಕು. ನನ್ನ ಚೂಡಿದಾರದ ಮೇಲೆ ಅವರ ಸುಲು, ಅಂದರೆ ಲುಂಗಿಯಂಥದ್ದು, ಸುತ್ತಿಕೊಂಡರೆ ಮುಗಿಯಿತು. ಹಳ್ಳಿಯೊಳಗೆ ಟೋಪಿ, ತಂಪು ಕನ್ನಡಕ ಬೇಡ. ಮಕ್ಕಳ ತಲೆ ಸವರಬೇಡಿ. ಮೂವತ್ತು ವರ್ಷ ಮೇಷ್ಟ್ರ ಕೆಲಸ ಮಾಡಿದ ಕೈಗೆ ಇದೇ ಕಷ್ಟವಾದದ್ದು. ಕೂತವರ ಮಧ್ಯೆ ಹಾದುಹೋಗುವಾಗ ಬಗ್ಗಿ 'ತಿಲೌ' ಅನ್ನಬೇಕು. ಸ್ನಾನ ತಣ್ಣೀರಲ್ಲಿ. ಬಚ್ಚಲ ಹಂಡೆ ನೆನಪಾಗಿ ಒಂದೆರಡು ಬೆಳಿಗ್ಗೆ ಅಳು ಬಂದಿದ್ದು ನಿಜ.

ಬಾಗಿಲಿಗೆ ಪರದೆ ಮಾತ್ರ. ಒಬ್ಬರೇ ಕೂತರೆ ಹುಷಾರಿಲ್ಲ ಅಂದುಕೊಂಡು ಒಂದು ಮಗುವನ್ನು ಜೊತೆಗೆ ಕಳಿಸುತ್ತಾರೆ. ಪುಸ್ತಕ ಕೈಯಲ್ಲಿದ್ದರೆ ಬಿಡುತ್ತಾರೆ. ದಾರಿಯಲ್ಲಿ ಸಿಕ್ಕವರೆಲ್ಲ 'ಎಲ್ಲಿಗೆ?' ಅಂತ ಕೇಳುತ್ತಾರೆ. ಸಂತೆಗೆ ಹೊರಟಾಗ ನಮ್ಮೂರಲ್ಲಿ ಕೇಳುವುದಿಲ್ಲವೇ, ಹಾಗೇ. 'ಇಲ್ಲೇ' ಅಂದರೆ ಸಾಕು. ಊಟದ ಹೊತ್ತಿಗೆ ಯಾರ ಮನೆ ಮುಂದೆ ಹೋದರೂ 'ಮಾಯ್ ಕಾನ' ಅಂತ ಕೂಗುತ್ತಾರೆ, ಉಣ್ಣೋಕೆ ಬಾ ಅಂತ. ನಕ್ಕು 'ವಿನಾಕ' ಅಂದು ಮುಂದೆ ಹೋಗಿ.

ಭಾನುವಾರ ಕೆಲಸವಿಲ್ಲ. ಬಟ್ಟೆ ಒಗೆಯಬೇಡಿ. ಲಾಲಿ, ಅಂದರೆ ಮರದ ನಗಾರಿ, ಬಾರಿಸಿದ ಕೂಡಲೇ ಎಲ್ಲರೂ ಚರ್ಚಿಗೆ. ನಾನೂ ಹೋಗುತ್ತಿದ್ದೆ. ಹಾಡು ಕೇಳಲಾದರೂ ಹೋಗಿ.

ಈಗ ಊಟಕ್ಕೆ ವಾಪಸ್ ಬರುತ್ತೇನೆ. ತಿನ್ನದಿರುವುದನ್ನು ಮೊದಲ ದಿನವೇ ಹೇಳಿಬಿಡಿ. ದನದ ಮಾಂಸ ತಿನ್ನುವುದಿಲ್ಲ ಅಂದೆ. ಅಕ್ಕಪಕ್ಕದ ಭಾರತೀಯರನ್ನು ಕಂಡವರು, ತಕ್ಷಣ ಅರ್ಥವಾಯಿತು. ಆಮೇಲೆ ಪಾತ್ರೆ ನೋಡಿ. ಇನ್ನೂ ಎಷ್ಟು ಜನ ಉಣ್ಣಬೇಕು ಅಂತ ಎಣಿಸಿ, ಒಂದೇ ತುಂಡು ತಗೊಳ್ಳಿ. ಬಲವಂತ ಮಾಡುತ್ತಾರೆ. ಗೆಡ್ಡೆ ಇನ್ನೊಂದು ಹಾಕಿಸಿಕೊಳ್ಳಿ, ಮೀನು ಬೇಡ. ಗೆಡ್ಡೆ ಹೊಲದಲ್ಲಿದೆ, ಮೀನು ದುಡ್ಡಿಗೆ ಬರುತ್ತದೆ. ವಾರಕ್ಕೊಮ್ಮೆ ಪೇಟೆಗೆ ಹೋದಾಗ ಅಕ್ಕಿ, ಸಕ್ಕರೆ, ಮೈದಾ, ಸೋಪು ತಂದು ಮಾತಿಲ್ಲದೆ ಅಡಿಗೆಮನೆಯಲ್ಲಿಡಿ. ದುಡ್ಡು ಕೈಗೆ ತುರುಕಬೇಡಿ. ಯಾವ ವಸ್ತುವನ್ನೂ ಬಾಯ್ತುಂಬ ಹೊಗಳಬೇಡಿ, ಕೊಟ್ಟೇಬಿಡುತ್ತಾರೆ.

ನನಗೆ ಹಿಂದಿನ ಅಡಿಗೆಮನೆಗೆ ಜಾಗ ಸಿಕ್ಕಿದ್ದು ಕೆಸುವಿನ ಸೊಪ್ಪಿನಿಂದ. ಅವರು ಅದನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ ರೌರೌ ಅನ್ನುತ್ತಾರೆ. ಒಂದು ದಿನ ಪೇಟೆಯಿಂದ ಹುಣಸೆಹಣ್ಣು ತಂದು, ಅಕ್ಕಿ ನೆನೆಸಿ ರುಬ್ಬಿ, ಪತ್ರೊಡೆ ಸುತ್ತಿದೆ. ಬುಬು, ಅಂದರೆ ಮನೆಯ ಅಜ್ಜಿ, ಪಕ್ಕದಲ್ಲಿ ಕೂತು ಎಲೆಯ ನಾರು ತೆಗೆದುಕೊಟ್ಟರು. ಹುಳಿ ಜಾಸ್ತಿ ಅಂತ ಮುಖ ಕಿವುಚಿದರು. ಆದರೆ ಅವತ್ತಿನಿಂದ ನಾನು ಹೆಂಗಸರ ಜೊತೆಗೇ, ಕೊನೆಯ ಪಂಕ್ತಿಯಲ್ಲೇ ಉಂಡೆ.

ಹೊರಡುವ ದಿನಕ್ಕೆ ಇನ್ನೊಂದು ಕಟ್ಟು ಯಂಗೊನ ತಂದಿಟ್ಟುಕೊಳ್ಳಿ. ಬರುವಾಗ ಕೇಳಿದ ಹಾಗೆ ಹೋಗುವಾಗಲೂ ಅಪ್ಪಣೆ ಕೇಳಬೇಕು. ಬುಬು ನನಗೆ ಒಂದು ಚಾಪೆ ಕೊಟ್ಟರು. ಕೇದಗೆ ಜಾತಿಯ ಎಲೆಯದು, ಅಂಚಿಗೆ ಬಣ್ಣದ ಉಲ್ಲನ್. ನಿಮಗೂ ಕೊಟ್ಟರೆ ಸೂಟ್‌ಕೇಸಿಗೆ ಹಿಡಿಸಲಿ ಅಂತ ಮಡಚಬೇಡಿ, ಸುರುಳಿ ಸುತ್ತಿ ಕೈಯಲ್ಲೇ ತನ್ನಿ. ನಾನು ಮಡಚಿದೆ. ಆಲ್ದೂರಿನ ಮನೆಯಲ್ಲಿ ಎಷ್ಟು ದಿನ ಹಾಸಿದರೂ ಆ ಗೆರೆ ಹೋಗಿಲ್ಲ.