ಮುಂದುವರಿದ ಪ್ರಾಸ್ಟೇಟ್ ಕ್ಯಾನ್ಸರ್: ರೇಡಿಯೇಷನ್ ಯಾರಿಗೆ, ಯಾವಾಗ, ಎಷ್ಟು?

ಪ್ರಾಸ್ಟೇಟ್ ಕ್ಯಾನ್ಸರ್ ‘ಮುಂದುವರಿದಿದೆ’ ಎಂದು ಡಾಕ್ಟರ್ ಹೇಳಿದರೆ ಆ ಒಂದು ಮಾತು ಮೂರು ಬೇರೆ ಬೇರೆ ಸ್ಥಿತಿಗೆ ಹೊಂದುತ್ತದೆ. ಗಡ್ಡೆ ಪ್ರಾಸ್ಟೇಟ್ ದಾಟಿ ವೀರ್ಯಕೋಶಕ್ಕೋ ಹತ್ತಿರದ ಲಿಂಫ್ ಗಂಟುಗಳಿಗೋ ಹೋಗಿರಬಹುದು. ಎಲುಬಿನಲ್ಲಿ ಎರಡು-ಮೂರು ಕಡೆ ಮಾತ್ರ ಕಾಣಿಸಿಕೊಂಡಿರಬಹುದು. ಇಲ್ಲವೇ ಬೆನ್ನು, ಪಕ್ಕೆಲುಬು, ತೊಡೆ ಎಂದು ಮೈತುಂಬ ಹರಡಿರಬಹುದು. ಮೂರಕ್ಕೂ ರೇಡಿಯೇಷನ್ ಉಂಟು, ಆದರೆ ಮೊದಲನೆಯದರಲ್ಲಿ ರೋಗ ಗುಣಪಡಿಸಲು, ಎರಡನೆಯದರಲ್ಲಿ ರೋಗ ಬೆಳೆಯುವುದನ್ನು ತಡೆದು, ಸಾಧ್ಯವಾದರೆ ಆಯುಷ್ಯ ಹೆಚ್ಚಿಸಲು, ಮೂರನೆಯದರಲ್ಲಿ ನೋವು ಇಳಿಸಲು. ‘ಅಪ್ಪಗ ಕರೆಂಟ್ ಕೊಡಸಬೇಕೇನು?’ ಎಂದು ಕೇಳುವ ಮೊದಲು ಅವರು ಈ ಮೂರರಲ್ಲಿ ಎಲ್ಲಿದ್ದಾರೆಂದು ಡಾಕ್ಟರಿಂದ ಬಾಯಿಬಿಡಿಸಿಕೊಳ್ಳಿ.

ಸ್ಕ್ಯಾನ್ ಮೊದಲು, ಇಂಜೆಕ್ಷನ್ ಆಮೇಲೆ

ಫೈಲಿನಲ್ಲಿ ಇರಲೇಬೇಕಾದ್ದು: ಚಿಕಿತ್ಸೆ ಶುರುವಾಗುವ ಮುಂಚಿನ ಪಿಎಸ್ಎ (ಪ್ರಾಸ್ಟೇಟ್‌ನ ರಕ್ತಪರೀಕ್ಷೆ), ಗ್ಲೀಸನ್ ಅಂಕ (ಗಡ್ಡೆ ಎಷ್ಟು ಉಗ್ರ ಎಂಬ ಅಳತೆ) ಬರೆದ ಬಯಾಪ್ಸಿ ವರದಿ, ಪೆಲ್ವಿಸ್ (ಕೆಳಹೊಟ್ಟೆ-ಸೊಂಟದ ಭಾಗ) ಎಂಆರ್‌ಐ, ಬೋನ್ ಸ್ಕ್ಯಾನ್, ಹೊಟ್ಟೆ-ಎದೆಯ ಸಿಟಿ, ಕ್ರಿಯೇಟಿನಿನ್ (ಕಿಡ್ನಿಯ ರಕ್ತಪರೀಕ್ಷೆ). ಹಾರ್ಮೋನ್ ಇಂಜೆಕ್ಷನ್ (ಕ್ಯಾನ್ಸರ್ ಬೆಳೆಸುವ ಗಂಡು ಹಾರ್ಮೋನನ್ನು ತಡೆಯುವಂಥದ್ದು) ಕೊಟ್ಟಾಗಿದ್ದರೆ ಅದರ ಹೆಸರು ಮತ್ತು ತಾರೀಖು.

ಹೆಚ್ಚಿನ ಮನೆಯವರು ಎಡವುವುದು ಇಲ್ಲಿಯೇ. ಪಿಎಸ್ಎ ನೂರು ದಾಟಿದೆ ಎಂದು ಗಾಬರಿಯಾಗಿ ಅದೇ ವಾರ ಇಂಜೆಕ್ಷನ್ ಹಾಕಿಸುತ್ತಾರೆ ಅಥವಾ ಅದೇ ಹಾರ್ಮೋನ್ ನಿಲ್ಲಿಸಲು ವೃಷಣ ತೆಗೆಸುತ್ತಾರೆ, ಬೋನ್ ಸ್ಕ್ಯಾನ್‌ಗೆ ಮೂರು ತಿಂಗಳು ಬಿಟ್ಟು ಹೋಗುತ್ತಾರೆ. ಅಷ್ಟರಲ್ಲಿ ಪಿಎಸ್ಎ ಇಳಿದಿರುತ್ತದೆ. ಕೆಲವು ಕಲೆಗಳು ಮಸುಕಾಗಿರುತ್ತವೆ, ಇನ್ನು ಕೆಲವು ಎಲುಬು ವಾಸಿಯಾಗುತ್ತಿರುವುದರಿಂದಲೇ ಮೊದಲಿಗಿಂತ ಕಪ್ಪಾಗಿ ಕಾಣುತ್ತವೆ. ರೋಗ ಆರಂಭದಲ್ಲಿ ಎಲ್ಲೆಲ್ಲಿತ್ತೆಂದು ಆಮೇಲೆ ಯಾರೂ ಖಚಿತವಾಗಿ ಹೇಳಲಾರರು, ರೇಡಿಯೇಷನ್ ನಿರ್ಧಾರ ನಿಂತಿರುವುದೇ ಆ ಲೆಕ್ಕದ ಮೇಲೆ. ಕಾಲಿನ ಶಕ್ತಿ ಕುಂದುತ್ತಿದ್ದರೆ ಅಥವಾ ಕಿಡ್ನಿ ಕಟ್ಟಿಕೊಂಡಿದ್ದರೆ ಕಾಯಬಾರದು. ಉಳಿದವರಿಗೆ ಸ್ಕ್ಯಾನ್‌ಗಾಗಿ ಒಂದೆರಡು ವಾರ ತಡೆದರೆ ನಷ್ಟವಿಲ್ಲ.

ಇನ್ನೊಂದು ಗೊಂದಲ: ಬೋನ್ ಸ್ಕ್ಯಾನ್‌ನಲ್ಲಿ ಎರಡು ಕಲೆ, ಪಿಎಸ್‌ಎಂಎ ಪೆಟ್‌ನಲ್ಲಿ ಆರು. (ಪಿಎಸ್‌ಎಂಎ ಪೆಟ್ ಎಂದರೆ ಪ್ರಾಸ್ಟೇಟ್ ಕ್ಯಾನ್ಸರ್ ಕಣಗಳನ್ನು ಹುಡುಕುವ ಸ್ಕ್ಯಾನ್.) ಯಾವುದನ್ನು ಎಣಿಸಬೇಕು? ‘ಕಡಿಮೆ ಹರಡಿದೆ’, ‘ಹೆಚ್ಚು ಹರಡಿದೆ’ ಎಂಬ ಗೆರೆ ಎಳೆದ ದೊಡ್ಡ ಅಧ್ಯಯನಗಳು ಎಣಿಸಿದ್ದು ಬೋನ್ ಸ್ಕ್ಯಾನ್ ಮತ್ತು ಸಿಟಿಯ ಲೆಕ್ಕ. ಪೆಟ್ ಸಣ್ಣ ಕಲೆಗಳನ್ನೂ ಹಿಡಿಯುತ್ತದೆ. ಪೆಟ್‌ನಲ್ಲಿ ಹೆಚ್ಚು ಕಂಡಿತೆಂಬ ಒಂದೇ ಕಾರಣಕ್ಕೆ ರೇಡಿಯೇಷನ್ ಕೈಬಿಡುವ ಮುನ್ನ ಬೋನ್ ಸ್ಕ್ಯಾನ್ ಏನು ಹೇಳುತ್ತದೆ ಎಂದು ಕೇಳಿ.

ಎಲುಬಿಗೆ ಹೋಗಿಲ್ಲದಿದ್ದರೆ

ಅಕ್ಕಪಕ್ಕ ಮಾತ್ರ ಹಬ್ಬಿದ, ಎಲುಬು ಸ್ವಚ್ಛವಾಗಿರುವ ರೋಗಿಗೆ ಬರೀ ಹಾರ್ಮೋನ್ ತಡೆ ಸಾಲದು. ‘ಆಪರೇಷನ್ ಮಾಡಿ ವೃಷಣ ತೆಗೆದಾಯ್ತು, ಪಿಎಸ್ಎ ಇಳಿದೈತಿ, ಇನ್ನೇನ್ ಬ್ಯಾಡ’ ಎಂದು ಸುಮ್ಮನಾಗುವುದು ಈ ರೋಗದಲ್ಲಿ ಆಗುವ ಅತಿ ದೊಡ್ಡ ನಷ್ಟ. ಸ್ಕ್ಯಾಂಡಿನೇವಿಯಾದಲ್ಲಿ 875 ಜನರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತು ವರ್ಷದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್‌ನಿಂದಲೇ ಸತ್ತವರು ಬರೀ ಹಾರ್ಮೋನ್ ಪಡೆದ ಗುಂಪಿನಲ್ಲಿ ಸುಮಾರು 24%, ಜೊತೆಗೆ ರೇಡಿಯೇಷನ್ ಪಡೆದವರಲ್ಲಿ ಸುಮಾರು 12%. ಅರ್ಧಕ್ಕರ್ಧ ವ್ಯತ್ಯಾಸ.

ಈ ಗುಂಪಿನವರು ವೃಷಣ ತೆಗೆಸುವ ಮೊದಲು ಒಮ್ಮೆ ಯೋಚಿಸುವುದು ಒಳ್ಳೆಯದು. ಇಲ್ಲಿ ಹಾರ್ಮೋನ್ ತಡೆ ಬೇಕಿರುವುದು ಒಂದೂವರೆಯಿಂದ ಮೂರು ವರ್ಷ. ಇಂಜೆಕ್ಷನ್ ಆದರೆ ನಿಲ್ಲಿಸಬಹುದು, ಆಪರೇಷನ್ ಆದರೆ ಜೀವನಪೂರ್ತಿ. ಎಲುಬಿಗೆ ಹರಡಿದವರ ವಿಚಾರ ಬೇರೆ. ಅವರಿಗೆ ಹಾರ್ಮೋನ್ ತಡೆ ಹೇಗೂ ಜೀವನಪೂರ್ತಿ ಬೇಕು, ಒಂದೇ ಸಲದ ಖರ್ಚಿನ ಸಣ್ಣ ಆಪರೇಷನ್ ಅವರಿಗೆ ಜಾಣತನವೇ. ಮೂರು ತಿಂಗಳಿಗೊಮ್ಮೆ ಊರಿಂದ ಬರಲಾಗದೆ ಇಂಜೆಕ್ಷನ್ ತಪ್ಪುವ ಅಪಾಯವೂ ಇರುವುದಿಲ್ಲ.

ಲಿಂಫ್ ಗಂಟಿಗೆ ಹರಡಿದ್ದರೆ, ಅಥವಾ ಟಿ3-ಟಿ4 (ಪ್ರಾಸ್ಟೇಟ್ ದಾಟಿ ಹಬ್ಬಿದ) ಗಡ್ಡೆ, ಗ್ಲೀಸನ್ 8ರಿಂದ 10, ಪಿಎಸ್ಎ 40 ಅಥವಾ ಹೆಚ್ಚು ಈ ಮೂರರಲ್ಲಿ ಎರಡಾದರೂ ಇದ್ದರೆ, ಎರಡು ವರ್ಷ ಅಬಿರಾಟೆರೋನ್ (ಗಂಡು ಹಾರ್ಮೋನ್ ತಯಾರಾಗುವುದನ್ನೇ ತಡೆಯುವ ಮಾತ್ರೆ) ಸೇರಿಸುವ ಬಗ್ಗೆ ಕೇಳಿ. ಬ್ರಿಟನ್ನಿನ ಸ್ಟ್ಯಾಂಪೀಡ್ ಅಧ್ಯಯನದಲ್ಲಿ ಇದನ್ನು ಸೇರಿಸಿದವರಲ್ಲಿ ಆರು ವರ್ಷದ ನಂತರವೂ ರೋಗ ದೂರಕ್ಕೆ ಹರಡದೆ ಬದುಕಿದ್ದವರು 82%, ಸೇರಿಸದವರಲ್ಲಿ 69%. ದಿನಕ್ಕೆ 1000 ಮಿಲಿಗ್ರಾಂ, ಜೊತೆಗೆ ಪ್ರೆಡ್ನಿಸೋಲೋನ್ 5 ಮಿಲಿಗ್ರಾಂ. ಅಬಿರಾಟೆರೋನ್ ಖಾಲಿ ಹೊಟ್ಟೆಯಲ್ಲೇ ಆಗಬೇಕು: ಮುಂಚೆ ಎರಡು ತಾಸು, ಆಮೇಲೆ ಒಂದು ತಾಸು ಏನೂ ತಿನ್ನಬಾರದು. ರೊಟ್ಟಿ ಉಂಡು ನುಂಗಿದರೆ ರಕ್ತದಲ್ಲಿ ಔಷಧ ಹಲವು ಪಟ್ಟು ಏರುತ್ತದೆ. ಬಿಪಿ, ಪೊಟ್ಯಾಸಿಯಂ, ಲಿವರ್ ಪರೀಕ್ಷೆ ತಪ್ಪಿಸುವಂತಿಲ್ಲ.

ಡೋಸ್ ವಿಷಯದಲ್ಲಿ ಹಾವೇರಿ, ಗದಗಿನಿಂದ ಬರುವವರು ಕೇಳಲೇಬೇಕಾದ ಒಂದು ಪ್ರಶ್ನೆ ಇದೆ: ‘ನಾಲ್ಕು ವಾರದಲ್ಲಿ ಮುಗಿಸಬಹುದೇ?’ ಪ್ರಾಸ್ಟೇಟ್‌ಗೆ ಹಳೆಯ ಪದ್ಧತಿಯಲ್ಲಿ 74ರಿಂದ 78 ಗ್ರೇ (ರೇಡಿಯೇಷನ್ ಡೋಸಿನ ಅಳತೆ), 37ರಿಂದ 39 ಸಿಟ್ಟಿಂಗ್, ಸುಮಾರು ಎಂಟು ವಾರ. ಬ್ರಿಟನ್ನಿನ 3,200ಕ್ಕೂ ಹೆಚ್ಚು ಜನರ ಅಧ್ಯಯನದಲ್ಲಿ 60 ಗ್ರೇಯನ್ನು 20 ಸಿಟ್ಟಿಂಗ್‌ನಲ್ಲಿ, ಅಂದರೆ ನಾಲ್ಕು ವಾರದಲ್ಲಿ ಕೊಟ್ಟರೂ ಫಲಿತಾಂಶ ಕಡಿಮೆಯಾಗಲಿಲ್ಲ. ಹುಬ್ಬಳ್ಳಿಯಲ್ಲಿ ರೂಮು ಹಿಡಿದು ಇರುವವರಿಗೆ ಉಳಿಯುವ ನಾಲ್ಕು ವಾರ ಬಹಳ ದೊಡ್ಡದು. ಪೆಲ್ವಿಸ್ ಗಂಟುಗಳಿಗೂ ಸೇರಿಸಿ ಕೊಡುವುದಾದರೆ ಐದು ವಾರ, 25 ಸಿಟ್ಟಿಂಗ್ ಆಗಬಹುದು. ಗಂಟುಗಳಿಗೂ ಕೊಡುವುದನ್ನು ಮುಂಬೈಯ ಟಾಟಾ ಮೆಮೋರಿಯಲ್‌ನವರು 224 ಹೈ-ರಿಸ್ಕ್ ರೋಗಿಗಳಲ್ಲಿ ಪರೀಕ್ಷಿಸಿದರು. ಐದು ವರ್ಷ ಪಿಎಸ್ಎ ಮತ್ತೆ ಏರದೆ ಉಳಿದವರು 95%, ಪ್ರಾಸ್ಟೇಟ್‌ಗೆ ಮಾತ್ರ ಕೊಟ್ಟವರಲ್ಲಿ 81%. ಬೆಲೆ ಎಂದರೆ ಮುಂದೆ ಮೂತ್ರದ ತೊಂದರೆ ಸ್ವಲ್ಪ ಹೆಚ್ಚು.

ಈ ಗುಂಪಿಗೆ ಅವಸರವಿಲ್ಲ. ಹಾರ್ಮೋನ್ ಶುರು ಮಾಡಿ ಎರಡು-ಮೂರು ತಿಂಗಳ ನಂತರ ರೇಡಿಯೇಷನ್ ಆರಂಭಿಸುವುದು ರೂಢಿ, ಅಷ್ಟರಲ್ಲಿ ಗಡ್ಡೆಯೂ ಕುಗ್ಗಿರುತ್ತದೆ. ಮುಂಗಾರಿ ಬಿತ್ತನೆಯೋ ಬ್ಯಾಡಗಿ ಮೆಣಸಿನಕಾಯಿ ಬಿಡಿಸುವುದೋ ನಡುವೆ ಬಂದರೆ ಡಾಕ್ಟರಿಗೆ ಹೇಳಿ ತಾರೀಖು ಹೊಂದಿಸಿಕೊಳ್ಳಬಹುದು. ಶುರುವಾದ ಮೇಲೆ ಮಾತ್ರ ನಡುವೆ ಊರಿಗೆ ಹೋಗಿ ವಾರ ಕಳೆಯುವಂತಿಲ್ಲ.

ಎಲುಬಿನಲ್ಲಿ ಕೆಲವೇ ಕಡೆ ಇದ್ದರೆ

ಎಲುಬಿಗೆ ಹೋದ ಮೇಲೆ ಪ್ರಾಸ್ಟೇಟ್‌ಗೆ ಯಾಕೆ ರೇಡಿಯೇಷನ್ ಎಂದು ಬಹಳ ಜನ ಕೇಳುತ್ತಾರೆ. 2018ರಲ್ಲಿ ಸ್ಟ್ಯಾಂಪೀಡ್ ತಂಡ 2,061 ರೋಗಿಗಳ ಫಲಿತಾಂಶ ಪ್ರಕಟಿಸಿತು. ಒಟ್ಟಾರೆ ಲಾಭ ಕಾಣಲಿಲ್ಲ. ಆದರೆ ಕಡಿಮೆ ಹರಡಿದವರಲ್ಲಿ ಮೂರು ವರ್ಷ ಬದುಕಿದ್ದವರು 73%ರಿಂದ 81%ಕ್ಕೆ ಏರಿದರು. ‘ಹೆಚ್ಚು ಹರಡಿದ್ದು’ ಎಂದರೆ ಲಿವರ್, ಶ್ವಾಸಕೋಶದಂಥ ಅಂಗಕ್ಕೆ ಹೋಗಿರುವುದು, ಅಥವಾ ಎಲುಬಿನಲ್ಲಿ ನಾಲ್ಕು ಇಲ್ಲವೇ ಹೆಚ್ಚು ಕಲೆ ಇದ್ದು ಅದರಲ್ಲಿ ಒಂದಾದರೂ ಬೆನ್ನುಮೂಳೆ-ಸೊಂಟ ಬಿಟ್ಟು ಹೊರಗಿರುವುದು. ಉಳಿದದ್ದೆಲ್ಲ ‘ಕಡಿಮೆ’.

ಡೋಸ್ 55 ಗ್ರೇ, 20 ಸಿಟ್ಟಿಂಗ್, ನಾಲ್ಕು ವಾರ. ಅಥವಾ 36 ಗ್ರೇ, ವಾರಕ್ಕೊಂದರಂತೆ ಆರು ಸಿಟ್ಟಿಂಗ್. ದಿನಾ ಬರಲಾಗದ ವಯಸ್ಸಾದವರಿಗೆ ಎರಡನೆಯದನ್ನು ಕೇಳಬಹುದು. ಮೊದಲನೆಯದೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಈಗ ಹೆಚ್ಚಿನವರಿಗೆ ಅಬಿರಾಟೆರೋನ್‌ನಂಥ ಮಾತ್ರೆ ಶುರುವಿನಲ್ಲೇ ಕೊಡುತ್ತಾರೆ. ಅದರ ಮೇಲೆ ರೇಡಿಯೇಷನ್ ಸೇರಿಸಿದರೆ ಆಯುಷ್ಯ ಇನ್ನೂ ಹೆಚ್ಚುತ್ತದೆಂದು ನಂತರದ ಪೀಸ್-1 ಅಧ್ಯಯನ ತೋರಿಸಲಿಲ್ಲ. ಆದರೆ ರೋಗ ಬೆಳೆಯುವುದು ತಡವಾಯಿತು, ಮೂತ್ರ ಕಟ್ಟುವುದು, ಕಿಡ್ನಿಗೆ ಟ್ಯೂಬ್ ಹಾಕಿಸುವಂಥ ದೊಡ್ಡ ತೊಂದರೆಗಳು ಕಡಿಮೆಯಾದವು. ಅಷ್ಟು ಲಾಭಕ್ಕೆ ನಾಲ್ಕು ವಾರ ಕೊಡಬಹುದೇ ಎಂದು ಮನೆಯವರು ಕೂತು ತೂಗಬೇಕು.

ಮೈತುಂಬ ಹರಡಿದ್ದರೆ

ಪ್ರಾಸ್ಟೇಟ್‌ಗೆ ನಾಲ್ಕು ವಾರದ ರೇಡಿಯೇಷನ್ ಬೇಡ, ಅದರಿಂದ ಆಯುಷ್ಯ ಹೆಚ್ಚುವುದಿಲ್ಲ. ಔಷಧಕ್ಕೇ ಪ್ರಾಧಾನ್ಯ. ಆದರೆ ನೋಯುವ ಒಂದು ಎಲುಬಿಗೆ 8 ಗ್ರೇಯ ಒಂದೇ ಸಿಟ್ಟಿಂಗ್ ಸಾಕು. ಐದು ದಿನ 20 ಗ್ರೇ, ಹತ್ತು ದಿನ 30 ಗ್ರೇ ಕೊಟ್ಟರೂ ನೋವು ಇಳಿಯುವುದು ಅಷ್ಟೇ. ಒಂದೇ ಸಿಟ್ಟಿಂಗ್ ಪಡೆದವರಲ್ಲಿ ಮುಂದೆ ಮತ್ತೊಮ್ಮೆ ಕೊಡಬೇಕಾಗುವುದು ಹೆಚ್ಚು, ಸುಮಾರು ಐವರಲ್ಲಿ ಒಬ್ಬರಿಗೆ, ಅದನ್ನು ಕೊಡಲೂಬಹುದು. ಇದಕ್ಕೆ ದುಬಾರಿ ತಂತ್ರಜ್ಞಾನದ ಹಂಗಿಲ್ಲ, ಹಳೆಯ ಕೋಬಾಲ್ಟ್ ಯಂತ್ರವೂ ನಡೆಯುತ್ತದೆ. ಕೊಟ್ಟ ಒಂದೆರಡು ದಿನ ನೋವು ಕೆರಳಬಹುದು. ‘ಕರೆಂಟ್ ಕೊಟ್ಟು ಕೆಡಿಸಿದರು’ ಎನ್ನುವುದು ಈ ಎರಡು ದಿನಗಳ ಮಾತು. ಡೆಕ್ಸಾಮೆಥಸೋನ್ (ಊತ ಇಳಿಸುವ ಸ್ಟೀರಾಯ್ಡ್) ಬೇಕೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಪೂರ್ತಿ ಆರಾಮ ತಿಳಿಯಲು ಎರಡರಿಂದ ನಾಲ್ಕು ವಾರ ಬೇಕು, ಅಲ್ಲಿಯವರೆಗೆ ನೋವಿನ ಮಾತ್ರೆ ನಿಲ್ಲಿಸಬೇಡಿ. ಮೂತ್ರದಲ್ಲಿ ರಕ್ತ ನಿಲ್ಲದಿದ್ದರೂ ಕೆಲವೇ ದಿನಗಳ ಚಿಕ್ಕ ಕೋರ್ಸ್ ಉಪಯೋಗಕ್ಕೆ ಬರುತ್ತದೆ.

ಮರುದಿನಕ್ಕೆ ಬಿಡಬಾರದ ಸಂಗತಿ ಒಂದಿದೆ: ಬೆನ್ನುಹುರಿ ಒತ್ತುವುದು. ಮಲಗಿದರೆ ಹೆಚ್ಚಾಗುವ ಬೆನ್ನುನೋವು, ಎದೆ ಅಥವಾ ಹೊಟ್ಟೆಗೆ ಪಟ್ಟಿ ಕಟ್ಟಿದಂಥ ಬಿಗಿತ, ಕಾಲಿನಲ್ಲಿ ಜೋಮು, ಮೆಟ್ಟಿಲು ಹತ್ತಲಾಗದಿರುವುದು, ಮೂತ್ರ ಬಾರದಿರುವುದು. ವಾಯು ಎಂದು ಎಣ್ಣೆ ತಿಕ್ಕುತ್ತ ಕೂತರೆ ಎರಡು ದಿನದಲ್ಲಿ ಕಾಲು ಹೋಗುತ್ತದೆ. ರೇಡಿಯೇಷನ್ ಹೊತ್ತಿಗೆ ನಡೆಯುತ್ತಿದ್ದವರು ಬಹುಪಾಲು ಮುಂದೆಯೂ ನಡೆಯುತ್ತಾರೆ, ನಿಂತೇಹೋದವರು ಮತ್ತೆ ಏಳುವುದು ಅಪರೂಪ. ರಾತ್ರಿಯಾದರೂ 108ಕ್ಕೆ ಕರೆ ಮಾಡಿ ದೊಡ್ಡಾಸ್ಪತ್ರೆಗೆ ಹೋಗಿ ‘ಪ್ರಾಸ್ಟೇಟ್ ಕ್ಯಾನ್ಸರ್, ಕಾಲು ಸೋಲ್ತಾವ’ ಎಂದೇ ಹೇಳಿ. ಡೆಕ್ಸಾಮೆಥಸೋನ್ ತಕ್ಷಣ, ಇಡೀ ಬೆನ್ನುಮೂಳೆಯ ಎಂಆರ್‌ಐ 24 ತಾಸಿನೊಳಗೆ. ಬೆನ್ನಿನಲ್ಲಿ ರೋಗ ಇದ್ದವರಿಗೆ ಲ್ಯೂಪ್ರೊಲೈಡ್ ಇಂಜೆಕ್ಷನ್ ಮೊದಲ ವಾರಗಳಲ್ಲಿ ಹಾರ್ಮೋನ್ ಏರಿಸಿ ಇದೇ ಅಪಾಯ ತರಬಲ್ಲದು. ಅದಕ್ಕೇ ಮುಂಚಿತವಾಗಿ ಬೈಕಾಲುಟಮೈಡ್ ಮಾತ್ರೆ ಕೊಡುತ್ತಾರೆ, ಇಲ್ಲವೇ ಡೆಗರೆಲಿಕ್ಸ್ ಅಥವಾ ಆಪರೇಷನ್ ಆರಿಸುತ್ತಾರೆ.

ಮೊದಲೇ ಸರಿಪಡಿಸಿಕೊಳ್ಳಬೇಕಾದ್ದು

ಮೂತ್ರ ಕಟ್ಟುತ್ತಿದ್ದರೆ ರೇಡಿಯೇಷನ್ ಊತ ಅದನ್ನು ಇನ್ನೂ ಕಟ್ಟಿಸುತ್ತದೆ. ಕ್ಯಾಥೆಟರ್ ಇದ್ದವರಿಗೆ ಎರಡು ತಿಂಗಳ ಹಾರ್ಮೋನ್ ನಂತರ ತೆಗೆದು ನೋಡುವುದು ಒಳ್ಳೆಯದು, ಎಷ್ಟೋ ಜನರಿಗೆ ತಾನಾಗಿ ಮೂತ್ರ ಬರುತ್ತದೆ. ಟಿಯುಆರ್‌ಪಿ (ಮೂತ್ರನಾಳದ ಮೂಲಕ ಪ್ರಾಸ್ಟೇಟ್ ಕೆರೆದು ತೆಗೆಯುವ ಆಪರೇಷನ್) ಮಾಡಿಸಿದ್ದರೆ ಗಾಯ ಮಾಗಲು ಕನಿಷ್ಠ ಆರು ವಾರ ಬಿಡಿ. ಅವಸರಪಟ್ಟರೆ ಮೂತ್ರನಾಳ ಕಿರಿದಾಗುವುದು, ಮೂತ್ರ ಸೋರುವುದು. ಕ್ರಿಯೇಟಿನಿನ್ ಏರಿದ್ದರೆ ಕಿಡ್ನಿಯ ತಡೆ ಮೊದಲು ಬಿಡಿಸಬೇಕು. ಅಲ್ಸರೇಟಿವ್ ಕೊಲೈಟಿಸ್ ಇದ್ದರೆ ಅಥವಾ ಹಿಂದೆ ಪೆಲ್ವಿಸ್‌ಗೆ ರೇಡಿಯೇಷನ್ ಆಗಿದ್ದರೆ ಮುಚ್ಚಿಡಬೇಡಿ.

ದಿನದ ನೇಮ

ಗುಣಪಡಿಸುವ ಉದ್ದೇಶದ ರೇಡಿಯೇಷನ್ ಲೀನಿಯರ್ ಆಕ್ಸಿಲರೇಟರ್‌ನಲ್ಲಿ, ಐಎಂಆರ್‌ಟಿ (ಗಡ್ಡೆಯ ಆಕಾರಕ್ಕೆ ಕಿರಣ ಹೊಂದಿಸುವ) ಪದ್ಧತಿಯಲ್ಲಿ, ದಿನಾ ಚಿತ್ರ ತೆಗೆದು ಜಾಗ ಸರಿನೋಡಿ ಕೊಡುವಂಥದ್ದಾಗಲಿ. ಪ್ರಾಸ್ಟೇಟ್ ಇರುವುದು ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ. ಗುದನಾಳದಲ್ಲಿ ಗ್ಯಾಸ್ ತುಂಬಿದರೆ ಅದು ಮುಂದಕ್ಕೆ ಸರಿಯುತ್ತದೆ. ಪ್ಲಾನಿಂಗ್ ಸಿಟಿಯ ದಿನ ಹೊಟ್ಟೆ ಹೇಗಿತ್ತೋ ಪ್ರತಿದಿನ ಹಾಗೆಯೇ ಇರಬೇಕು: ಬೆಳಿಗ್ಗೆ ಸಂಡಾಸ ಮುಗಿಸಿ, ಆಸ್ಪತ್ರೆ ಹೇಳಿದಷ್ಟು ನೀರು (ಸಾಮಾನ್ಯವಾಗಿ ಅರ್ಧ ಲೀಟರ್) ಕುಡಿದು ಅರ್ಧ-ಮುಕ್ಕಾಲು ತಾಸು ಮೂತ್ರ ತಡೆಯುವುದು. ಗದಗಿನಿಂದ ರೈಲಿನಲ್ಲಿ ಬರುವವರು ನೀರು ಕುಡಿಯುವುದು ಆಸ್ಪತ್ರೆ ಮುಟ್ಟಿ ಪಾಳಿ ಯಾವಾಗ ಎಂದು ಕೇಳಿದ ಮೇಲೆ. ಆ ವಾರಗಳಲ್ಲಿ ಮಡಕಿ ಕಾಳು, ಕಡಲೆ, ಹಸಿ ಉಳ್ಳಾಗಡ್ಡಿ, ಮಿರ್ಚಿ-ಭಜಿ ದೂರವಿಡಿ. ಜೋಳದ ರೊಟ್ಟಿ, ಅನ್ನ, ಮಜ್ಜಿಗೆ, ಮೆತ್ತಗಿನ ಪಲ್ಯ ನಡೆಯುತ್ತದೆ. ಮೈಮೇಲೆ ಹಾಕಿದ ಗುರುತು ಉಜ್ಜಿ ತೊಳೆಯಬೇಡಿ.

ಎರಡನೇ ವಾರದಿಂದ ಮೂತ್ರ ಉರಿ, ಮೇಲಿಂದ ಮೇಲೆ ಹೋಗಬೇಕೆನಿಸುವುದು, ಭೇದಿ, ದಣಿವು ಬರುತ್ತವೆ, ಮುಗಿದ ಕೆಲ ವಾರದಲ್ಲಿ ಇಳಿಯುತ್ತವೆ. ಸ್ಟ್ಯಾಂಪೀಡ್‌ನಲ್ಲಿ ತೀವ್ರ ತೊಂದರೆ ಕಂಡಿದ್ದು ಚಿಕಿತ್ಸೆಯ ನಡುವೆ ಸುಮಾರು 5%, ಆಮೇಲೆ 4% ಜನರಲ್ಲಿ.

ಕಾರ್ಡು, ಪತ್ರ, ಪ್ಯಾಕೇಜು

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜಿನ 30%, ಗರಿಷ್ಠ 1.5 ಲಕ್ಷ. ತುರ್ತಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಗದಗಿನ ಜಿಮ್ಸ್ (ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ) ಅಥವಾ ಹಾವೇರಿ ಜಿಲ್ಲಾಸ್ಪತ್ರೆಯಲ್ಲಿ ಬರೆಸಿಕೊಂಡೇ ಹುಬ್ಬಳ್ಳಿ ನವನಗರದ ಕರ್ನಾಟಕ ಕ್ಯಾನ್ಸರ್ ಥೆರಪಿ ಆ್ಯಂಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ಗೋ ಬೇರೆ ಕೇಂದ್ರಕ್ಕೋ ಹೊರಡಿ, ಇಲ್ಲದಿದ್ದರೆ ಪತ್ರಕ್ಕಾಗಿಯೇ ಒಂದು ದಿನ ಹೋಗುತ್ತದೆ. ಪ್ಯಾಕೇಜುಗಳು ತಂತ್ರಜ್ಞಾನದ ಮೇಲೆ ಬೇರೆ ಬೇರೆ. ಮಂಜೂರಾತಿಗೆ ಕಳಿಸಿದ್ದು ಐಎಂಆರ್‌ಟಿಗೋ ಸಾದಾ ರೇಡಿಯೇಷನ್‌ಗೋ ಎಂದು ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಕೇಳಿ ಖಚಿತಪಡಿಸಿಕೊಳ್ಳಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗಾರರೊಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಇದೆ, ಆಸ್ಪತ್ರೆಯ ಪ್ರಮಾಣಪತ್ರ ಬೇಕು.

ಮುಗಿದ ಮೇಲೆ

ಗುಣಪಡಿಸುವ ಉದ್ದೇಶದ ರೇಡಿಯೇಷನ್ ಆದವರಲ್ಲಿ ಪಿಎಸ್ಎ ತೀರ ಕೆಳಗಿಳಿದ ಮಟ್ಟದಿಂದ 2 ಹೆಚ್ಚಾದರೆ ರೋಗ ಮರಳಿದೆಯೆಂದು ಲೆಕ್ಕ, ದಶಮಾಂಶದಲ್ಲಿ ಏರಿಳಿದರೆ ಹೆದರಬೇಕಿಲ್ಲ. ವರ್ಷವೋ ಎರಡು ವರ್ಷವೋ ಕಳೆದು ಸಂಡಾಸದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದುಕೊಂಡು ಬೋರ್ಡು ಹಾಕಿದ ಯಾವುದೋ ಕ್ಲಿನಿಕ್‌ನಲ್ಲಿ ಇಂಜೆಕ್ಷನ್ ಹಾಕಿಸಿಕೊಳ್ಳಬೇಡಿ. ರೇಡಿಯೇಷನ್ ತಗುಲಿದ ಗುದನಾಳದ ಮುಂಭಾಗದ ಗೋಡೆಗೆ ಚುಚ್ಚಿದರೆ, ತುಣುಕು ತೆಗೆದರೆ ಗಾಯ ಮಾಯದೆ ಮೂತ್ರಮಾರ್ಗಕ್ಕೆ ತೂತು ಬೀಳಬಹುದು. ಎಲ್ಲಿಗೆ, ಎಷ್ಟು ಗ್ರೇ, ಎಷ್ಟು ಸಿಟ್ಟಿಂಗ್, ಯಾವ ತಾರೀಖು ಎಂದು ಬರೆದ ಟ್ರೀಟ್‌ಮೆಂಟ್ ಸಮ್ಮರಿಯನ್ನು ಕೊನೆಯ ದಿನವೇ ಕೇಳಿ ಪಡೆದು, ಜೆರಾಕ್ಸ್ ತೆಗೆಸಿ, ಸ್ಕೋಪ್ ಮಾಡುವ ಡಾಕ್ಟರಿಗೆ ಅದನ್ನೇ ಮೊದಲು ತೋರಿಸಿ.