ನೋವಿಗೆ ತಾರೀಖಿಲ್ಲದಿದ್ದಾಗ ಮೂಲ ಹುಡುಕುವ ಬಗೆ

2002ರ ಮೇ ತಿಂಗಳಲ್ಲಿ ಆಂಟಿಗಾ ಟೆಸ್ಟ್‌ನಲ್ಲಿ ವೆಸ್ಟ್ ಇಂಡೀಸ್‌ನ ವೇಗಿ ಮರ್ವಿನ್ ಡಿಲನ್ ಎಸೆದ ಚೆಂಡು ತಗುಲಿ ಅನಿಲ್ ಕುಂಬ್ಳೆಯವರ ದವಡೆ ಮುರಿಯಿತು. ಮುಖಕ್ಕೆ ಪಟ್ಟಿ ಬಿಗಿಸಿಕೊಂಡು ಬಂದು ಅವರು ಬೌಲಿಂಗ್ ಮಾಡಿದ ದೃಶ್ಯವನ್ನು ಬೆಂಗಳೂರಿಗರು ಇಂದಿಗೂ ಮರೆತಿಲ್ಲ. ಆದರೆ ಅದಕ್ಕೆ ಒಂದು ವರ್ಷ ಮೊದಲು, ಭುಜದ ತೊಂದರೆಯಿಂದಾಗಿ, ಆಸ್ಟ್ರೇಲಿಯಾ ವಿರುದ್ಧದ ತವರಿನ ಸರಣಿಯೇ ಅವರ ಕೈತಪ್ಪಿದ್ದು ಅಷ್ಟಾಗಿ ಯಾರ ನೆನಪಿನಲ್ಲೂ ಉಳಿದಿಲ್ಲ. ದವಡೆ ಮುರಿದ ಚೆಂಡು ಯಾವುದೆಂದು ಬೆರಳು ಮಾಡಿ ತೋರಿಸಬಹುದು. ಭುಜವನ್ನು ಕೆಡಿಸಿದ ಚೆಂಡು ಯಾವುದೆಂದು ಅದನ್ನು ಎಸೆದ ಕುಂಬ್ಳೆಯವರೂ ಹೇಳಲಾರರು.

ಆಟದ ಪೆಟ್ಟುಗಳಲ್ಲಿ ಮೆಲ್ಲಗೆ ಕೂಡಿಬರುವ ಈ ಎರಡನೆಯ ಬಗೆಯೇ ನಮ್ಮಂಥ ಹವ್ಯಾಸಿಗಳನ್ನು ಹೆಚ್ಚು ಕಾಡುತ್ತದೆ. ಓಡಲು ಆರಂಭಿಸಿದವರಿಗೆ ಕೆಲವೇ ವಾರಗಳಲ್ಲಿ ಏದುಸಿರು ಕಡಿಮೆಯಾಗುತ್ತದೆ, ಏಕೆಂದರೆ ಹೃದಯ ಮತ್ತು ಸ್ನಾಯುಗಳು ಹೊಸ ಹೊರೆಗೆ ಬೇಗ ಒಗ್ಗಿಕೊಳ್ಳುತ್ತವೆ; ಮೂಳೆ ಮತ್ತು ಸ್ನಾಯುರಜ್ಜುಗಳಿಗೆ ಮಾತ್ರ ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಮೂಳೆಯಂತೂ ಹಳೆಯ ಭಾಗವನ್ನು ಮೊದಲು ಕರಗಿಸಿ ಆಮೇಲೆ ಹೊಸದನ್ನು ಕಟ್ಟುವುದರಿಂದ, ನಡುವಿನ ವಾರಗಳಲ್ಲಿ ಮೊದಲಿಗಿಂತಲೂ ದುರ್ಬಲವಾಗಿರುತ್ತದೆ. ಉಸಿರು ಹದಕ್ಕೆ ಬಂದಿತೆಂಬ ಹುಮ್ಮಸ್ಸಿನಲ್ಲಿ ವೇಗ ಹೆಚ್ಚಿಸುವುದು ಸರಿಯಾಗಿ ಅದೇ ಹೊತ್ತಿನಲ್ಲಿ.

ಆದ್ದರಿಂದ ನೋವು ಕಂಡಾಗ ಮುಲಾಮು ಹುಡುಕುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ನೋವು ಮೊದಲು ತಿಳಿದ ದಿನವನ್ನು ಅಂದಾಜಾಗಿ ಬರೆದು, ಅಲ್ಲಿಂದ ಆರು ವಾರ ಹಿಂದಕ್ಕೆ ಹೋಗಿ, ವಾರಕ್ಕೆ ಎಷ್ಟು ಕಿಲೋಮೀಟರ್ ಓಡಿದಿರಿ ಅಥವಾ ಎಷ್ಟು ಗಂಟೆ ಆಡಿದಿರಿ, ಎಷ್ಟು ದಿನ ಬಿಡುವು ಕೊಟ್ಟಿರಿ, ನಿದ್ದೆ ಹೇಗಿತ್ತು ಎಂಬುದನ್ನು ಗುರುತಿಸಿ. ಬಳಿಕ ನೆಲವನ್ನು ನೆನಪಿಸಿಕೊಳ್ಳಿ: ಕಬ್ಬನ್ ಪಾರ್ಕಿನ ಮಣ್ಣಿನ ಹಾದಿ ಬಿಟ್ಟು ಡಾಂಬರಿಗೆ ಬಂದಿರೇ, ಲಾಲ್‌ಬಾಗಿನ ಬಂಡೆಯನ್ನು ಹತ್ತಿಳಿಯುವ ಅಭ್ಯಾಸ ಸೇರಿಸಿದಿರೇ, ಬ್ಯಾಡ್ಮಿಂಟನ್ನನ್ನು ಮರದ ಕೋರ್ಟಿನಿಂದ ಅಪಾರ್ಟ್‌ಮೆಂಟಿನ ಸಿಮೆಂಟ್ ನೆಲಕ್ಕೆ ತಂದಿರೇ? ರಸ್ತೆಯ ಒಂದೇ ಮಗ್ಗುಲಿನಲ್ಲಿ ದಿನವೂ ಓಡುವವರು ಅದನ್ನೂ ಬರೆಯಬೇಕು. ನೀರು ಹರಿದುಹೋಗಲೆಂದು ರಸ್ತೆಗೆ ಕೊಟ್ಟ ಇಳಿಜಾರಿನಿಂದ ಒಂದು ಕಾಲು ಸದಾ ತಗ್ಗಿನಲ್ಲಿರುತ್ತದೆ. ನನ್ನ ಬಲ ಮೊಣಕಾಲಿನ ಹೊರಬದಿಯ ನೋವಿಗೆ ಹೊಸ ಶೂ ಕಾರಣವೆಂದು ಎರಡು ತಿಂಗಳು ಶೂವನ್ನೇ ಬೈಯುತ್ತಿದ್ದೆ. ಹಾಳೆ ನೋಡಿದರೆ, ಶೂ ಕೊಂಡ ವಾರವೇ ಭಾನುವಾರದ ಓಟ ಎಂಟರಿಂದ ಹದಿನಾಲ್ಕು ಕಿಲೋಮೀಟರಿಗೆ ಏರಿತ್ತು.

ಮುಂದಿನ ಕೆಲಸ ಜಾಗವನ್ನು ಪರೀಕ್ಷಿಸುವುದು. ಓಟಗಾರರಲ್ಲಿ ಬಹಳ ಸಾಮಾನ್ಯವಾದದ್ದು ಮೊಣಕಾಲಿನ ಕೆಳಗೆ ಮೂಳೆಯ ಒಳಬದಿಯಲ್ಲಿ ಬರುವ ನೋವು, ಅಂದರೆ ಶಿನ್ ಸ್ಪ್ಲಿಂಟ್. ಕುರ್ಚಿಯಲ್ಲಿ ಕುಳಿತು ನೋಯುವ ಕಾಲನ್ನು ಇನ್ನೊಂದರ ಮೇಲಿಟ್ಟು, ಹೆಬ್ಬೆರಳಿನಿಂದ ಆ ಅಂಚನ್ನು ಕಣಕಾಲಿನ ಕಡೆಯಿಂದ ಮೇಲಕ್ಕೆ ಒತ್ತುತ್ತಾ ಬನ್ನಿ. ನಾಲ್ಕು ಬೆರಳಗಲಕ್ಕೂ ಹೆಚ್ಚು ಉದ್ದಕ್ಕೆ ನೋವು ಹರಡಿದ್ದು, ಓಟದ ಆರಂಭದಲ್ಲಿ ಕಾಡಿ ಮೈ ಬೆಚ್ಚಗಾದ ಮೇಲೆ ತಗ್ಗುವುದಾದರೆ ಅದು ಸಾಮಾನ್ಯವಾಗಿ ಶಿನ್ ಸ್ಪ್ಲಿಂಟ್. ಒಂದು ಬೆರಳ ತುದಿಯಷ್ಟೇ ಜಾಗದಲ್ಲಿ ಚುರುಕ್ಕೆನ್ನುವ ನೋವಿದ್ದು, ಓಡಿದಷ್ಟೂ ಹೆಚ್ಚುತ್ತಿದ್ದರೆ ಮೂಳೆಯಲ್ಲಿ ಕೂದಲೆಳೆಯ ಬಿರುಕು ಇರಬಹುದೆಂದು ಅನುಮಾನಿಸಿ ಅಂದೇ ಓಟ ನಿಲ್ಲಿಸಬೇಕು. ಇಂಥ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದಾದ್ದರಿಂದ, ಎಕ್ಸ್‌ರೇ ಸರಿಯಿದೆ ಎಂಬ ಧೈರ್ಯದ ಮೇಲೆ ಮತ್ತೆ ಓಡಲು ಹೊರಡುವುದು ತಪ್ಪು. ಎಂಆರ್‌ಐ ಅದನ್ನು ಬೇಗ ತೋರಿಸುತ್ತದೆ.

ಮೆಟ್ಟಿಲಿಳಿಯುವಾಗಲೂ ಸಿನಿಮಾ ಮುಗಿಸಿ ಏಳುವಾಗಲೂ ಮೊಣಕಾಲ ಚಿಪ್ಪಿನ ಸುತ್ತ ನೋಯುವುದಾದರೆ, ತೊಡೆ ಮತ್ತು ಸೊಂಟದ ಸ್ನಾಯುಗಳಿಗೆ ಬಲ ಸಾಲದಿರುವುದೂ ಅದಕ್ಕೆ ಕಾರಣವಾಗಿರಬಹುದು. ಬೆಳಿಗ್ಗೆ ಹಾಸಿಗೆಯಿಂದಿಳಿದು ಇಡುವ ಮೊದಲ ಹೆಜ್ಜೆಗೇ ಹಿಮ್ಮಡಿಯ ಅಡಿ ಚುಚ್ಚಿದರೆ ಅಂಗಾಲಿನ ಉದ್ದಕ್ಕೂ ಹಾಯುವ ನಾರಿನ ಪಟ್ಟಿಗೆ ಹೊರೆ ಹೆಚ್ಚಾಗಿರಬಹುದು. ಮೊಣಕೈಯ ಹೊರಬದಿಯ ನೋವಿಗಿರುವ ಟೆನಿಸ್ ಎಲ್ಬೋ ಎಂಬ ಹೆಸರು ಆಟದ್ದಾದರೂ, ಬಟ್ಟೆ ಹಿಂಡುವವರಿಗೂ ದಿನವಿಡೀ ಮೌಸ್ ಹಿಡಿಯುವವರಿಗೂ ಅದು ಬರುತ್ತದೆ. ವಾರವೆಲ್ಲ ಮೌಸ್, ಭಾನುವಾರ ರ‍್ಯಾಕೆಟ್ ಹಿಡಿಯುವ ನಮ್ಮ ಊರಿನಲ್ಲಿ ಎರಡೂ ಕೂಡಿಕೊಳ್ಳುತ್ತವೆ.

ಕಾರಣ ಸಿಕ್ಕ ಮೇಲೆ ಆಟವನ್ನು ಪೂರ್ತಿ ಬಿಡುವ ಅಗತ್ಯ ಬಹುತೇಕ ಬೀಳುವುದಿಲ್ಲ, ಬಿರುಕಿನ ಅನುಮಾನವಿದ್ದಾಗಿನ ಮಾತು ಬೇರೆ. ಹತ್ತಕ್ಕೆ ಅಂಕ ಕೊಟ್ಟರೆ ನೋವು ಮೂರನ್ನು ಮೀರದ ಮತ್ತು ಮರುದಿನ ಬೆಳಿಗ್ಗೆ ಹೆಚ್ಚಾಗದ ಮಟ್ಟಕ್ಕೆ ಹೊರೆ ಇಳಿಸಿ, ಅಲ್ಲಿಂದ ಒಂದು ಸಲಕ್ಕೆ ಒಂದನ್ನೇ ಏರಿಸಿ: ದೂರ ಹೆಚ್ಚಿಸುವ ವಾರ ವೇಗವನ್ನು ಮುಟ್ಟಬೇಡಿ. ಹಿಮ್ಮಡಿಯ ಹಿಂದಿನ ಅಕಿಲಿಸ್ ರಜ್ಜು ಬಿಗಿದು ನೋಯುವವರು ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲೂರಿ ನಿಂತು, ಎರಡೂ ಕಾಲಿನ ಬಲದಿಂದ ಮೇಲೆದ್ದು, ನೋಯುವ ಕಾಲೊಂದರ ಮೇಲೆ ಭಾರ ಹಾಕಿ ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸಬೇಕು. ದಿನಕ್ಕೆ ಎರಡು ಹೊತ್ತು, ಪ್ರತಿ ಹೊತ್ತಿಗೆ ಹದಿನೈದರಂತೆ ಮೂರು ಸುತ್ತು, ಹನ್ನೆರಡು ವಾರ. ಸ್ಪ್ರೇ ಹೊಡೆದಷ್ಟು ಸುಲಭವಲ್ಲ, ನಿಜ. ಆದರೆ ಹಿಮ್ಮಡಿಯ ಹಿಂದೆ ಯಾರೋ ಒದ್ದಂತಾಗಿ ಟಪ್ಪೆಂದು ಸದ್ದಾದರೆ ರಜ್ಜು ಹರಿದಿರಬಹುದಾದ್ದರಿಂದ ಅಂದೇ ಆಸ್ಪತ್ರೆಗೆ ಹೋಗಬೇಕು. ಓಡುವಾಗ ತೊಡೆಸಂದಿಯಲ್ಲಿ ಬರುವ ನೋವನ್ನೂ, ರಾತ್ರಿ ನಿದ್ದೆಗೆಡಿಸುವ ನೋವನ್ನೂ ಮನೆಮದ್ದಿಗೆ ಬಿಡಬಾರದು.

ಮನೆಯಲ್ಲಿ ವೇಗದ ಬೌಲಿಂಗ್ ಕಲಿಯುವ ಮಕ್ಕಳಿದ್ದರೆ ಹಾಳೆಯನ್ನು ದೊಡ್ಡವರೇ ಬರೆಯಬೇಕು. ಶಾಲೆಯ ತಂಡಕ್ಕೊಮ್ಮೆ, ಅಕಾಡೆಮಿಯಲ್ಲೊಮ್ಮೆ, ಸಂಜೆ ಬೀದಿಯಲ್ಲೊಮ್ಮೆ ಎಸೆಯುವ ಹುಡುಗ ದಿನಕ್ಕೆ ಒಟ್ಟು ಎಷ್ಟು ಓವರ್ ಹಾಕಿದನೆಂಬುದು ಯಾವ ಕೋಚ್‌ಗೂ ಗೊತ್ತಿರುವುದಿಲ್ಲ. ಬಲಗೈ ಬೌಲರ್‌ಗೆ ಸೊಂಟದ ಮೇಲೆ ಎಡಗಡೆ ನೋಯತೊಡಗಿ, ಬೆನ್ನು ಹಿಂದಕ್ಕೆ ಬಾಗಿಸಿದಾಗ ಅದು ಹೆಚ್ಚಿದರೆ, ಬೆನ್ನುಮೂಳೆಯ ಬಿರುಕಿಲ್ಲವೆಂದು ವೈದ್ಯರು ಖಚಿತಪಡಿಸುವವರೆಗೆ ಚೆಂಡನ್ನು ಅವನ ಕೈಯಿಂದ ತೆಗೆದಿಡಿ. ಬ್ಯಾಟಿಂಗ್‌ಗಾದರೂ ಬಿಡಿ ಎಂದು ಅವನು ಗೋಗರೆದರೆ ಅದನ್ನೂ ವೈದ್ಯರನ್ನೇ ಕೇಳಿ.