ಪ್ರೊಪೆಲ್ಲರ್ ಕೊಳ್ಳುವ ಮೊದಲು ಆರ್‌ಪಿಎಂ ನೋಡಿ
ಮುನಿರಾಬಾದ್ ಕಡೆ ತುಂಗಭದ್ರಾ ಹಿನ್ನೀರಿನಲ್ಲಿ ಔಟ್‌ಬೋರ್ಡ್ ಮೋಟಾರ್ ಓಡಿಸುವವರೇ, ಬೋಟಿಗೆ ದಿನದ ಭಾರ ಹೇರಿ, ಫುಲ್ ಥ್ರಾಟಲ್‌ನಲ್ಲಿ ಟ್ಯಾಕೋಮೀಟರ್ ನೋಡಿ; ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ, ಅಂದರೆ ಆರ್‌ಪಿಎಂ ಎಷ್ಟು ಎಂದು ಅದು ತೋರಿಸುತ್ತದೆ. ಮೋಟಾರಿನ ಪುಸ್ತಕ ಹೇಳುವ ಆರ್‌ಪಿಎಂಗಿಂತ ಕಡಿಮೆ ಇದ್ದರೆ ಕಡಿಮೆ ಪಿಚ್‌ನ (ಲೆಕ್ಕದ ಪ್ರಕಾರ ಒಂದು ಸುತ್ತಿಗೆ ಪ್ರೊಪೆಲ್ಲರ್ ಮುಂದೆ ಸಾಗುವ ದೂರ, ಇಂಚಿನಲ್ಲಿ) ಪ್ರೊಪೆಲ್ಲರ್ ಹಾಕಿ, ಜಾಸ್ತಿ ಇದ್ದರೆ ಹೆಚ್ಚು ಪಿಚ್‌ನದು. ಪಿಚ್‌ನ ಒಂದು ಇಂಚಿಗೆ ಸುಮಾರು 150ರಿಂದ 200 ಆರ್‌ಪಿಎಂ ವ್ಯತ್ಯಾಸ ಬರುತ್ತದೆ. ಪಿಚ್ ಜಾಸ್ತಿಯಾದರೆ ಎಂಜಿನ್ ತಿಣುಕುತ್ತದೆ, ಟಾಪ್ ಗೇರಿನಲ್ಲೇ ದಿಬ್ಬ ಹತ್ತಿಸಿದ ಬೈಕಿನ ಹಾಗೆ. ಕಾರ್ಬನ್ ಕಟ್ಟುತ್ತದೆ, ಪಿಸ್ಟನ್ ಬೇಗ ಸವೆಯುತ್ತದೆ. ಸುಮ್ನೆ ಸದ್ದು ಕೇಳಿ ಅಂದಾಜು ಮಾಡಬೇಡಿ, ದಯವಿಟ್ಟು. ಸ್ಪಾರ್ಕ್ ಪ್ಲಗ್ ಕೆಟ್ಟಿದ್ದರೆ, ಪ್ರೊಪೆಲ್ಲರ್ ರೆಕ್ಕೆ ಬಾಗಿದ್ದರೆ, ಬಲೆಯ ದಾರ ಸುತ್ತಿಕೊಂಡಿದ್ದರೆ ಈ ಲೆಕ್ಕ ತಪ್ಪುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಕಲ್ಲಿಗೆ ತಾಗಿ ರೆಕ್ಕೆಯ ಅಂಚು ಹಾಳಾಗಿರುತ್ತದೆ, ಮೊದಲು ಅದನ್ನು ನೋಡಿಕೊಳ್ಳಿ.